ಪೈಕ್ಯೂಟಿಯಲ್ಲಿ ಟೂಲ್‌ಬಾರ್: ಅಡಿಕೆ ಲೆಕ್ಕದ ಆ್ಯಪ್ ಇಟ್ಟುಕೊಂಡು ಬರೆದ ಟಿಪ್ಪಣಿ

ಪೈಥಾನ್ ಸ್ವಲ್ಪ ಗೊತ್ತು, ಪೈಥಾನ್‌ನಲ್ಲಿ ವಿಂಡೋ, ಬಟನ್ ಇರುವ ಆ್ಯಪ್ ಮಾಡಲು ಬಳಸುವ ಪೈಕ್ಯೂಟಿ 6 ಹಾಕಿಕೊಂಡಾಗಿದೆ, ಖಾಲಿ ಮೇನ್‌ವಿಂಡೋ ಒಂದು ತೆರೆಯುತ್ತದೆ ಅನ್ನುವಲ್ಲಿಂದ ಶುರು ಮಾಡುತ್ತೇನೆ. ಅದಕ್ಕಿಂತ ಹಿಂದಿನ ಪಾಠ ಎಲ್ಲ ಕಡೆ ಸಿಗುತ್ತದೆ. ಉದಾಹರಣೆಗೆ ನಾನೀಗ ಮಾಡುತ್ತಿರುವ ಆ್ಯಪ್ಪನ್ನೇ ಹಿಡಿದಿದ್ದೇನೆ. ಶಿರಸಿ ಪೇಟೆಗೆ ಅಡಿಕೆ ಹಾಕಿದಾಗ ಯಾವ ದಿನ, ಯಾವ ನಮೂನೆ, ಎಷ್ಟು ಕ್ವಿಂಟಲ್, ಏನು ದರ ಅಂತ ಬರೆದಿಡುವ ಸಣ್ಣ ಲೆಕ್ಕದ ಆ್ಯಪ್ ಅದು. ಬಳಸುವವರು ನಮ್ಮ ಮಾವ. ಕ್ಲಾಸ್ ಹೆಸರಿನ ಮುಂದಿರುವ ‘ಕ್ಯೂ’ ಅಕ್ಷರ ಬಿಟ್ಟು ಬರೆದಿದ್ದೇನೆ, ಟೂಲ್‌ಬಾರ್ ಅಂದರೆ ಕ್ಯೂಟೂಲ್‌ಬಾರ್ ಅಂತಲೇ ಓದಿಕೊಳ್ಳಿ.

ಬಾರ್ ಸೇರಿಸುವುದು

ಇದು ಸುಲಭ. ಮೇನ್‌ವಿಂಡೋದ ಆ್ಯಡ್‌ಟೂಲ್‌ಬಾರ್‌ಗೆ ಒಂದು ಹೆಸರು ಕೊಟ್ಟರೆ ಅದು ಹೊಸ ಬಾರ್ ಮಾಡಿ, ಮೇಲ್ಗಡೆ ಕೂರಿಸಿ, ನಮ್ಮ ಕೈಗೆ ಕೊಡುತ್ತದೆ. ಎಡಗಡೆ ಬೇಕಿದ್ದರೆ ಮೊದಲು ಜಾಗ, ಆಮೇಲೆ ಬಾರ್ ಕೊಡಬೇಕು. ಎರಡನೇ ಬಾರ್ ಕೆಳಗಿನ ಸಾಲಿಗೆ ಬರಲಿ ಅಂದರೆ ನಡುವೆ ಆ್ಯಡ್‌ಟೂಲ್‌ಬಾರ್‌ಬ್ರೇಕ್. ಇಷ್ಟೇ. ಒಂದು ಮಾತು ಮಾತ್ರ: ಇದೆಲ್ಲ ಮೇನ್‌ವಿಂಡೋಗೆ ಮಾತ್ರ ಇರುವ ಸೌಕರ್ಯ. ಡೈಲಾಗ್ ಒಳಗೂ ಟೂಲ್‌ಬಾರನ್ನು ಲೇಔಟ್‌ಗೆ ಹಾಕಬಹುದು, ಆದರೆ ಅಲ್ಲಿ ಅದನ್ನು ಎಳೆದು ಬೇರೆ ಅಂಚಿಗೆ ಇಡಲು ಆಗುವುದಿಲ್ಲ.

ಒಳಗೆ ಹಾಕುವುದು ಆ್ಯಕ್ಷನ್

ಕಣ್ಣಿಗೆ ಕಾಣುವುದು ಬಟನ್. ನಾವು ಹಾಕುವುದು ಆ್ಯಕ್ಷನ್. ‘ಉಳಿಸು’ ಅನ್ನುವ ಒಂದು ಕೆಲಸ ಇದೆ ಅಂದುಕೊಳ್ಳಿ. ಅದರ ಐಕಾನ್, ಹೆಸರು, ಶಾರ್ಟ್‌ಕಟ್, ಈಗ ಒತ್ತಬಹುದೋ ಇಲ್ಲವೋ ಅನ್ನುವುದು ಎಲ್ಲವೂ ಆ ಒಂದು ಆ್ಯಕ್ಷನ್‌ನಲ್ಲೇ ಇರುತ್ತದೆ. ಅದನ್ನೇ ಮೆನುವಿಗೂ ಸೇರಿಸಿ, ಟೂಲ್‌ಬಾರ್‌ಗೂ ಸೇರಿಸಿ. ಎರಡು ಕಡೆ ಕಂಡರೂ ವಸ್ತು ಒಂದೇ. ಪಟ್ಟಿ ಖಾಲಿ ಇದ್ದಾಗ ಸೆಟ್‌ಎನೇಬಲ್ಡ್‌ಗೆ ಫಾಲ್ಸ್ ಕೊಟ್ಟರೆ ಎರಡೂ ಕಡೆ ಒಟ್ಟಿಗೆ ಮಂಕಾಗುತ್ತದೆ. ಪುಶ್‌ಬಟನ್ ಮಾಡಿ ಆ್ಯಡ್‌ವಿಜೆಟ್‌ನಲ್ಲಿ ತುರುಕುವವರು ಇದ್ದಾರೆ. ಅದೂ ನಡೆಯುತ್ತದೆ, ಆದರೆ ಮೆನು ಬೇರೆ, ಬಟನ್ ಬೇರೆ ಅಂತ ಎರಡೆರಡು ಕಡೆ ನೋಡಿಕೊಳ್ಳುವ ರಗಳೆ ಯಾಕೆ?

ಪೈಕ್ಯೂಟಿಗೆ ಆಧಾರವಾದ ಕ್ಯೂಟಿ ಇದೆಯಲ್ಲ, ಅದರ 6ನೇ ಆವೃತ್ತಿ ಬಂದಿದ್ದು 2020ರ ಡಿಸೆಂಬರ್‌ನಲ್ಲಿ. ಆಗ ಆ್ಯಕ್ಷನ್ ಕ್ಲಾಸನ್ನು ಕ್ಯೂಟಿವಿಜೆಟ್ಸ್‌ನಿಂದ ಕ್ಯೂಟಿಗುಯ್ ಮಾಡ್ಯೂಲ್‌ಗೆ ಸಾಗಿಸಿದರು. ಹಳೆಯ ಪಾಠ ನೋಡಿ ಇಂಪೋರ್ಟ್ ಬರೆದರೆ ಮೊದಲ ಸಾಲಿಗೇ ಎರರ್ ಬರುವುದು ಇದಕ್ಕೇ. ಪೈಕ್ಯೂಟಿ 6ರಲ್ಲಿ ಈನಮ್ (ಹೆಸರಿಟ್ಟ ಆಯ್ಕೆಗಳ ಗುಂಪು) ಹೆಸರನ್ನೂ ಪೂರ್ತಿ ಬರೆಯಬೇಕು. ಕ್ಯೂಟಿ ಆದಮೇಲೆ ನೇರ ಟೂಲ್‌ಬಟನ್‌ಟೆಕ್ಸ್ಟ್‌ಅಂಡರ್‌ಐಕಾನ್ ಅಂದರೆ ಆಗದು, ನಡುವೆ ಟೂಲ್‌ಬಟನ್‌ಸ್ಟೈಲ್ ಬೇಕು.

ಆ್ಯಕ್ಷನ್ ಮಾಡುವಾಗ ಕೊನೆಯಲ್ಲಿ ಸೆಲ್ಫ್ ಕೊಡಿ, ಅಂದರೆ ಪೇರೆಂಟ್ ಆಗಿ ವಿಂಡೋವನ್ನೇ ಕೊಡಿ. ಆ್ಯಡ್‌ಆ್ಯಕ್ಷನ್ ಮಾಡಿದ ಮಾತ್ರಕ್ಕೆ ಬಾರ್ ಆ ಆ್ಯಕ್ಷನ್‌ನ ಮಾಲೀಕ ಆಗುವುದಿಲ್ಲ. ಫಂಕ್ಷನ್ ಒಳಗೆ ಪೇರೆಂಟ್ ಇಲ್ಲದೆ ಮಾಡಿ ಬಿಟ್ಟರೆ, ಫಂಕ್ಷನ್ ಮುಗಿದ ಕೂಡಲೇ ಪೈಥಾನ್ ಅದನ್ನು ಗುಡಿಸಿ ಹಾಕುತ್ತದೆ, ಬಾರ್ ಖಾಲಿ. ಎರರ್ ಒಂದೂ ಬರುವುದಿಲ್ಲ!

ಐಕಾನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಲಿಯುವಾಗ ಸ್ಟೈಲ್‌ನ ಸ್ಟ್ಯಾಂಡರ್ಡ್‌ಐಕಾನ್ ಬಳಸಿ, ಯಾವ ಸಿಸ್ಟಮ್‌ನಲ್ಲೂ ಸಿಗುತ್ತದೆ. ಐಕಾನ್ ಮಾತ್ರ ತೋರಿಸು ಅಂದಿದ್ದರೂ ಬಟನ್ ಮೇಲೆ ಅಕ್ಷರ ಕಾಣುತ್ತಿದೆಯಾ? ಐಕಾನ್ ಫೈಲ್ ಸಿಕ್ಕಿಲ್ಲ ಅಂತ ಅರ್ಥ. ಐಕಾನ್ ಖಾಲಿ ಇದ್ದರೆ ಟೂಲ್‌ಬಟನ್ ಹೆಸರನ್ನೇ ತೋರಿಸುತ್ತದೆ.

ಲೂಪ್‌ನಲ್ಲಿ ಆ್ಯಕ್ಷನ್ ಮಾಡಿದರೆ ಫಾಲ್ಸ್ ಯಾಕೆ ಬರುತ್ತದೆ

ಎರಡನೇ ಬಾರ್‌ನಲ್ಲಿ ಅಡಿಕೆ ನಮೂನೆಗಳಿವೆ: ಚಾಲಿ, ರಾಶಿ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕ. ಒಂದೊಂದಕ್ಕೂ ಸಾಲು ಬರೆಯುವ ಬದಲು ಲೂಪ್ ಹಾಕಿ, ಒತ್ತಿದಾಗ ಹೊರಡುವ ಟ್ರಿಗರ್ಡ್ ಸಿಗ್ನಲ್‌ಗೆ ಲ್ಯಾಂಬ್ಡಾ (ಹೆಸರಿಲ್ಲದ ಸಣ್ಣ ಫಂಕ್ಷನ್) ಕಟ್ಟುವುದು ಸಹಜ ಅಲ್ವಾ? ಇಲ್ಲಿ ಬೀಳುವ ಹೊಂಡ ಎರಡಿವೆ, ಒಂದರ ಹಿಂದೆ ಒಂದು.

ಮೊದಲನೆಯದು ಪೈಥಾನ್‌ನದೇ. ಲ್ಯಾಂಬ್ಡಾ ಒಳಗೆ ಲೂಪ್‌ನ ‘ಹೆಸರು’ ವೇರಿಯಬಲ್ ಬಳಸಿದರೆ ಅದು ಆ ಹೊತ್ತಿನ ಹೆಸರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಒತ್ತಿದಾಗ ಹೋಗಿ ನೋಡುತ್ತದೆ. ಅಷ್ಟೊತ್ತಿಗೆ ಲೂಪ್ ಮುಗಿದಿರುತ್ತದೆ, ಯಾವ ಬಟನ್ ಒತ್ತಿದರೂ ಕೋಕ. ಇದಕ್ಕೆ ಎಲ್ಲರೂ ಹೇಳುವ ಮದ್ದು ಡಿಫಾಲ್ಟ್ ಆರ್ಗ್ಯುಮೆಂಟ್, ಅಂದರೆ ಲ್ಯಾಂಬ್ಡಾಗೆ ‘ನ = ಹೆಸರು’ ಅಂತ ಕೊಡುವುದು. ಕೊಡುತ್ತೇವೆ. ಈಗ ಯಾವುದು ಒತ್ತಿದರೂ ಫಾಲ್ಸ್!

ಇದು ಎರಡನೇ ಹೊಂಡ, ಇದು ಕ್ಯೂಟಿಯದು. ಟ್ರಿಗರ್ಡ್ ಸಿಗ್ನಲ್ ಬರಿಗೈಯಲ್ಲಿ ಬರುವುದಿಲ್ಲ. ‘ಚೆಕ್ಡ್’ ಅನ್ನುವ ಒಂದು ಬೂಲಿಯನ್ (ಟ್ರೂ ಇಲ್ಲಾ ಫಾಲ್ಸ್) ಹಿಡಿದುಕೊಂಡು ಬರುತ್ತದೆ. ಚೆಕ್ ಮಾಡಲು ಬಾರದ ಸಾದಾ ಆ್ಯಕ್ಷನ್ ಆದರೆ ಅದು ಯಾವಾಗಲೂ ಫಾಲ್ಸ್. ನಮ್ಮ ಲ್ಯಾಂಬ್ಡಾದಲ್ಲಿ ಇರುವುದು ಒಂದೇ ಜಾಗ. ಸಿಗ್ನಲ್ ತಂದ ಫಾಲ್ಸ್ ನೇರ ಆ ಜಾಗದಲ್ಲಿ ಕೂತು, ನಾವಿಟ್ಟ ಡಿಫಾಲ್ಟನ್ನು ಎಬ್ಬಿಸಿ ಕಳಿಸುತ್ತದೆ. ಹಾಗಾದರೆ ಆರ್ಗ್ಯುಮೆಂಟೇ ಇಲ್ಲದ ಮೆಥಡ್ ಕಟ್ಟಿದಾಗ ಯಾಕೆ ತೊಂದರೆ ಇಲ್ಲ? ಪೈಕ್ಯೂಟಿ ಮೊದಲು ಬೂಲಿಯನ್ ಸಮೇತ ಕರೆದು ನೋಡುತ್ತದೆ, ಆಗದಿದ್ದರೆ ಅದನ್ನು ಬಿಟ್ಟು ಕರೆಯುತ್ತದೆ. ಹಾಗಾಗಿ ಜಾಗ ಇಲ್ಲದಿದ್ದರೆ ಸಮಸ್ಯೆ ಇಲ್ಲ, ಡಿಫಾಲ್ಟ್ ಇಟ್ಟ ಜಾಗ ಇದ್ದರೆ ಸಮಸ್ಯೆ. ‘ಉಳಿಸು’ ಮೆಥಡ್‌ಗೆ ಫೈಲ್ ದಾರಿ ಅಂತ ಡಿಫಾಲ್ಟ್ ಆಗಿ ‘ನನ್’ (ಏನೂ ಇಲ್ಲ ಅಂತ ಹೇಳುವ ಪೈಥಾನ್ ಪದ) ಇಟ್ಟಿದ್ದರೆ ಅದಕ್ಕೂ ಇದೇ ಗತಿ: ದಾರಿಯ ಜಾಗದಲ್ಲಿ ಫಾಲ್ಸ್ ಬಂದು ಕೂರುತ್ತದೆ.

ಮದ್ದು: ಲ್ಯಾಂಬ್ಡಾದಲ್ಲಿ ಮೊದಲು ಚೆಕ್ಡ್, ಆಮೇಲೆ ‘ನ = ಹೆಸರು’. ನನಗೆ ಇದಕ್ಕಿಂತ ಇಷ್ಟವಾಗಿದ್ದು ಲ್ಯಾಂಬ್ಡಾವನ್ನೇ ಬಿಡುವ ದಾರಿ. ಎಲ್ಲ ಆ್ಯಕ್ಷನ್‌ಗೂ ಸೆಟ್‌ಚೆಕಬಲ್ ಮಾಡಿ, ಸೆಟ್‌ಡೇಟಾದಲ್ಲಿ ನಮೂನೆಯ ಹೆಸರಿಟ್ಟು, ಎಲ್ಲವನ್ನೂ ಒಂದು ಆ್ಯಕ್ಷನ್‌ಗ್ರೂಪ್‌ಗೆ ಹಾಕಿ. ಗ್ರೂಪಿಗೂ ಒಂದು ಟ್ರಿಗರ್ಡ್ ಇದೆ, ಅದು ಬೂಲಿಯನ್ ಬದಲು ಒತ್ತಿದ ಆ್ಯಕ್ಷನ್ನನ್ನೇ ತಂದುಕೊಡುತ್ತದೆ. ಅದರ ಡೇಟಾ ಓದಿದರೆ ಮುಗಿಯಿತು. ಒಂದೇ ಕನೆಕ್ಟ್. ಮೇಲಿಂದ, ರಾಶಿ ಒತ್ತಿದರೆ ಚಾಲಿ ತಾನಾಗಿ ಮೇಲೇಳುತ್ತದೆ, ಯಾಕೆಂದರೆ ಗ್ರೂಪಿನಲ್ಲಿ ಒಂದು ಸಲಕ್ಕೆ ಒಂದೇ ಒತ್ತಿರುತ್ತದೆ.

ಬಾರ್ ಇಟ್ಟಲ್ಲೇ ಇರಬೇಕು ಅಂದರೆ

ಮಾವ ಒಂದು ದಿನ ಕೇಳಿದರು, “ತಮಾ, ಮೇಲಿನ ಪಟ್ಟಿ ಎಲ್ಲಿ ಹೋತೋ?” ಬಾರ್ ಮೇಲೆ ರೈಟ್ ಕ್ಲಿಕ್ ಆಗಿ, ಬಂದ ಸಣ್ಣ ಮೆನುವಿನಲ್ಲಿ ಟಿಕ್ ತೆಗೆದಿದ್ದರು. ಆ ಮೆನುವನ್ನು ನಾವು ಬರೆದಿರುವುದಿಲ್ಲ, ಮೇನ್‌ವಿಂಡೋ ತಾನೇ ಕೊಡುತ್ತದೆ. ಅದರಲ್ಲಿ ಕಾಣುವ ಹೆಸರು ಬಾರ್‌ನ ವಿಂಡೋಟೈಟಲ್. ಆ್ಯಡ್‌ಟೂಲ್‌ಬಾರ್‌ಗೆ ಹೆಸರು ಕೊಟ್ಟರೆ ಅದೇ ಟೈಟಲ್ ಆಗುತ್ತದೆ. ಹೆಸರಿಲ್ಲದೆ ಮಾಡಿದರೆ ಮೆನುವಿನಲ್ಲಿ ಟಿಕ್ ಪಕ್ಕ ಖಾಲಿ.

ಇನ್ನು ಎಳೆದಿಟ್ಟ ಜಾಗ ಮುಂದಿನ ಸಲವೂ ಹಾಗೇ ಇರಲಿ ಅಂದರೆ ಸೇವ್‌ಸ್ಟೇಟ್ ಮತ್ತು ರಿಸ್ಟೋರ್‌ಸ್ಟೇಟ್. ಕ್ಲೋಸ್‌ಇವೆಂಟ್ ಒಳಗೆ ಸೇವ್‌ಸ್ಟೇಟ್ ಕೊಡುವ ಬೈಟ್‌ಗಳನ್ನು ಸೆಟ್ಟಿಂಗ್ಸ್‌ನಲ್ಲಿ ಬರೆಯುವುದು, ಶುರುವಿನಲ್ಲಿ ಓದಿ ರಿಸ್ಟೋರ್‌ಸ್ಟೇಟ್‌ಗೆ ಕೊಡುವುದು. ಕೇಳಲು ಇಷ್ಟೇ. ಆದರೂ ಬಾರ್ ಹಳೆಯ ಜಾಗಕ್ಕೇ ಬಂದು ಕೂರುತ್ತದೆ. ಯಾಕೆ?

ಒಂದು ಬಾರ್‌ಗೆ ಮೂರು ಹೆಸರಿರುತ್ತವೆ, ಗೊಂದಲ ಇರುವುದೇ ಇಲ್ಲಿ. ಕೋಡ್‌ನಲ್ಲಿ ನಾವಿಟ್ಟ ವೇರಿಯಬಲ್ ಹೆಸರು ಪೈಥಾನ್‌ಗೆ ಮಾತ್ರ ಗೊತ್ತು. ವಿಂಡೋಟೈಟಲ್ ಬಳಸುವವರ ಕಣ್ಣಿಗೆ. ಸೇವ್‌ಸ್ಟೇಟ್ ನೋಡುವುದು ಇವೆರಡನ್ನೂ ಅಲ್ಲ, ಆಬ್ಜೆಕ್ಟ್‌ನೇಮ್ ಅನ್ನುವ ಮೂರನೆಯದನ್ನು. ಮನೆಯಲ್ಲಿ ಎಲ್ಲರೂ ‘ಕೆಳಗಿನ ತೋಟ’ ಅಂತಲೇ ಕರೆದರೂ ಪಹಣಿ ಬೇಕಿದ್ದರೆ ಸರ್ವೆ ನಂಬರ್ ಹೇಳಬೇಕಲ್ಲ, ಹಾಗೆ. ಈ ಹೆಸರನ್ನು ಕ್ಯೂಟಿ ತಾನಾಗಿ ಇಡುವುದಿಲ್ಲ. ನಾವೇ ಸೆಟ್‌ಆಬ್ಜೆಕ್ಟ್‌ನೇಮ್ ಕರೆಯಬೇಕು, ಪ್ರತಿ ಬಾರ್‌ಗೂ ಬೇರೆ ಬೇರೆ ಕೊಡಬೇಕು. ಇಡದಿದ್ದರೆ ಸೇವ್‌ಸ್ಟೇಟ್ ಟರ್ಮಿನಲ್‌ನಲ್ಲಿ ಒಂದು ಎಚ್ಚರಿಕೆ ಬರೆದು ಸುಮ್ನೆ ಮುಂದೆ ಹೋಗುತ್ತದೆ. ಆ್ಯಪ್ಪನ್ನು ಐಕಾನ್ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆಯುವವರಿಗೆ ಟರ್ಮಿನಲ್ ಎಲ್ಲಿಂದ ಕಾಣಬೇಕು? ಹಾಗಾಗಿ ಕಲಿಯುವಷ್ಟು ದಿನ ಟರ್ಮಿನಲ್‌ನಿಂದಲೇ ಓಡಿಸಿ.

ಟೈಟಲನ್ನೇ ಆಬ್ಜೆಕ್ಟ್‌ನೇಮ್ ಮಾಡಿದರೆ ಆಗದೇ? ಆಗುತ್ತದೆ, ಆದರೆ ಬೇಡ. ನಾಳೆ ‘ನಮೂನೆ’ ಅನ್ನುವುದನ್ನು ‘ಅಡಿಕೆ ನಮೂನೆ’ ಅಂತ ತಿದ್ದಿದರೆ, ಇಲ್ಲಾ ಇಂಗ್ಲಿಷ್ ಮುಖ ಕೊಟ್ಟರೆ, ಉಳಿಸಿಟ್ಟ ಜಾಗ ಹೊಸ ಹೆಸರಿಗೆ ಸಿಗುವುದಿಲ್ಲ.

ಮುಂದಿನದು ಕ್ರಮ. ರಿಸ್ಟೋರ್‌ಸ್ಟೇಟ್ ಕರೆಯುವ ಹೊತ್ತಿಗೆ ಎಲ್ಲ ಬಾರ್ ತಯಾರಾಗಿ, ಹೆಸರಿಟ್ಟು, ವಿಂಡೋಗೆ ಸೇರಿರಬೇಕು. ಕನ್‌ಸ್ಟ್ರಕ್ಟರ್‌ನ ಕೊನೆಯ ಸಾಲಿನಲ್ಲಿಡಿ. ಆಮೇಲೆ ಹುಟ್ಟಿದ ಡಾಕ್‌ವಿಜೆಟ್‌ಗಾದರೆ (ವಿಂಡೋದ ಅಂಚಿಗೆ ಅಂಟಿಸುವ ಸಣ್ಣ ಫಲಕ) ರಿಸ್ಟೋರ್‌ಡಾಕ್‌ವಿಜೆಟ್ ಅಂತ ಒಂದಿದೆ, ಟೂಲ್‌ಬಾರ್‌ಗೆ ಅಂಥದ್ದು ಇಲ್ಲ. ಮತ್ತೆ, ಮೊಟ್ಟಮೊದಲ ಸಲ ಓಡಿಸಿದಾಗ ಸೆಟ್ಟಿಂಗ್ಸ್‌ನಲ್ಲಿ ಏನೂ ಇರುವುದಿಲ್ಲ, ‘ನನ್’ ಬರುತ್ತದೆ. ಅದನ್ನು ಹಾಗೇ ಕೊಟ್ಟರೆ ಟೈಪ್‌ಎರರ್. ಇದ್ದರೆ ಮಾತ್ರ ಕೊಡು ಅಂತ ಒಂದು ಇಫ್ ಬೇಕು.

ಇಷ್ಟೆಲ್ಲ ಸರಿಯಾದ ಮೇಲೆ ಇನ್ನೊಂದು ತಮಾಷೆ ಶುರುವಾಗುತ್ತದೆ. ಕೋಡ್‌ನಲ್ಲಿ ಬಾರ್ ಎಡಕ್ಕೆ ಅಂತ ಬದಲಿಸುತ್ತೀರಿ, ಓಡಿಸುತ್ತೀರಿ, ಬಾರ್ ಮೇಲೇ ಇದೆ. ಫೈಲ್ ಸೇವ್ ಆಗಿಲ್ಲವೇನೋ ಅಂತ ಅನುಮಾನ ಬರುತ್ತದೆ. ಕೋಡ್ ಸರಿಯೇ ಇದೆ. ಅದು ಬಾರನ್ನು ಎಡಕ್ಕೆ ಇಟ್ಟ ಮರುಕ್ಷಣವೇ ರಿಸ್ಟೋರ್‌ಸ್ಟೇಟ್ ಬಂದು ಹಳೆಯ ಜಾಗಕ್ಕೆ ಎತ್ತಿಡುತ್ತದೆ. ಸೇವ್‌ಸ್ಟೇಟ್‌ಗೆ ಒಂದು ವರ್ಷನ್ ನಂಬರ್ ಕೊಡಬಹುದು, ಕೊಡದಿದ್ದರೆ 0. ಎರಡೂ ಕಡೆ ಅದನ್ನು 1 ಮಾಡಿದರೆ ಹಳೆಯದು ಹೊಂದುವುದಿಲ್ಲ, ರಿಸ್ಟೋರ್‌ಸ್ಟೇಟ್ ಫಾಲ್ಸ್ ಹೇಳಿ ಸುಮ್ಮನಿರುತ್ತದೆ, ನಿಮ್ಮ ಹೊಸ ಜೋಡಣೆ ಕಾಣುತ್ತದೆ. ಬಾರ್‌ಗಳ ಜೋಡಣೆ ಬದಲಿಸಿದಾಗಲೆಲ್ಲ ಈ ನಂಬರ್ ಒಂದು ಏರಿಸುವುದು ನನ್ನ ರೂಢಿ. ಸೆಟ್ಟಿಂಗ್ಸನ್ನೇ ಅಳಿಸಬೇಕೆಂದರೆ ಲಿನಕ್ಸ್‌ನಲ್ಲಿ ಹೋಮ್ ಒಳಗಿನ ಡಾಟ್ ಕಾನ್ಫಿಗ್ ಫೋಲ್ಡರ್ ನೋಡಿ, ವಿಂಡೋಸ್‌ನಲ್ಲಿ ರಿಜಿಸ್ಟ್ರಿ.

ಸೇವ್‌ಸ್ಟೇಟ್ ಉಳಿಸುವುದು ಬಾರ್ ಯಾವ ಅಂಚಿನಲ್ಲಿದೆ, ಯಾವ ಸಾಲು, ಕಾಣುತ್ತಿದೆಯೋ ಅಡಗಿದೆಯೋ ಇಂಥವನ್ನು. ಐಕಾನ್ ಗಾತ್ರ ಅದರಲ್ಲಿಲ್ಲ. ವಿಂಡೋದ ಅಳತೆಯೂ ಇಲ್ಲ, ಅದಕ್ಕೆ ಸೇವ್‌ಜಿಯೋಮೆಟ್ರಿ ಬೇರೆ. ಮತ್ತೆ ಕ್ಲೋಸ್‌ಇವೆಂಟ್ ನಡೆಯುವುದು ವಿಂಡೋ ಸರಿಯಾಗಿ ಮುಚ್ಚಿದಾಗ ಮಾತ್ರ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟಿನ ಪಾಡು ಗೊತ್ತಲ್ಲ. ಬಾರ್ ಜಾಗ ಹೋದರೆ ಹೋಗಲಿ, ಲೆಕ್ಕದ ಸಾಲುಗಳನ್ನು ಮಾತ್ರ ಕ್ಲೋಸ್‌ಇವೆಂಟ್ ನಂಬಿ ಬಿಡಬೇಡಿ.

ಅಡಗಿದ ಬಾರ್ ಕೂಡ ಅಡಗಿದ್ದೇ ಅಂತ ಉಳಿಯುವುದರಿಂದ, ಮಾವನ ಬಾರ್ ಮರುದಿನವೂ ಬರಲಿಲ್ಲ. ವಾಪಸ್ ತರಲು ಪ್ರತಿ ಬಾರ್‌ಗೂ ಟಾಗಲ್‌ವ್ಯೂಆ್ಯಕ್ಷನ್ ಅಂತ ಸಿದ್ಧ ಆ್ಯಕ್ಷನ್ ಇದೆ, ಅದನ್ನು ‘ನೋಟ’ ಮೆನುವಿಗೆ ಸೇರಿಸಿ. ಅಡಗಿಸಲೇಬಾರದು ಅಂದರೆ ಅದೇ ಆ್ಯಕ್ಷನ್ನನ್ನು ಡಿಸೇಬಲ್ ಮಾಡಿ, ರೈಟ್ ಕ್ಲಿಕ್ ಮೆನುವಿನಲ್ಲಿ ಟಿಕ್ ಮಂಕಾಗುತ್ತದೆ. ಸೆಟ್‌ಮೂವಬಲ್ ಫಾಲ್ಸ್ ಮಾಡಿದರೆ ಎಳೆಯಲೂ ಆಗದು. ನನ್ನ ಕೇಳಿದರೆ, ಒಂದೇ ಬಾರ್ ಇರುವ ಸಣ್ಣ ಆ್ಯಪ್‌ಗೆ ಇವೆರಡು ಸಾಲು ಸಾಕು, ಸೇವ್‌ಸ್ಟೇಟ್ ಗೋಜೇ ಬೇಡ. ನಾನು ಮುಖ್ಯ ಬಾರ್‌ಗೆ ಬೀಗ ಹಾಕಿ, ನಮೂನೆ ಬಾರ್ ಮಾತ್ರ ಬಿಟ್ಟಿದ್ದೇನೆ.

ಕನ್ನಡ ಹೆಸರು, ಸಣ್ಣ ಪರದೆ

ಐಕಾನ್ ಕೆಳಗೆ ಹೆಸರು ಬರಲು ಸೆಟ್‌ಟೂಲ್‌ಬಟನ್‌ಸ್ಟೈಲ್. ಮೆನುವಿನಲ್ಲಿ ‘ಹೊಸ ಮಾರಾಟ ಸೇರಿಸು’ ಅಂತ ಇದ್ದರೆ ಬಟನ್ ಕೆಳಗೂ ಅಷ್ಟುದ್ದ ಬರುತ್ತದೆ, 1366 ಪಿಕ್ಸೆಲ್ ಅಗಲದ ಲ್ಯಾಪ್‌ಟಾಪಿನಲ್ಲಿ ಬಾರ್ ತುಂಬಿ, ಉಳಿದವು ತುದಿಯ ಜೋಡಿ ಬಾಣದ ಹಿಂದೆ ಅಡಗುತ್ತವೆ. ಇದಕ್ಕೆ ಸೆಟ್‌ಐಕಾನ್‌ಟೆಕ್ಸ್ಟ್ ಇದೆ. ಬಟನ್ ತೋರಿಸುವುದು ಐಕಾನ್‌ಟೆಕ್ಸ್ಟನ್ನು, ಮೆನು ತೋರಿಸುವುದು ಟೆಕ್ಸ್ಟನ್ನು. ಹಾಗಾಗಿ ಬಟನ್‌ಗೆ ‘ಹೊಸ’ ಅಂತ ಇಟ್ಟರೂ ಮೆನುವಿನ ಉದ್ದ ಹೆಸರು ಹಾಗೇ ಉಳಿಯುತ್ತದೆ. ಒತ್ತಕ್ಷರ ಕೆಳಗೆ ಇಳಿಯುವುದರಿಂದ ಬಾರ್‌ಗೆ ಸೆಟ್‌ಫಿಕ್ಸ್ಡ್‌ಹೈಟ್ ಹಾಕಬೇಡಿ, ‘ತಟ್ಟಿಬೆಟ್ಟೆ’ಯ ಒತ್ತುಗಳು ಕತ್ತರಿಸಿ ಹೋಗಬಹುದು.

ಸೆಟ್‌ಐಕಾನ್‌ಸೈಜ್‌ಗೆ 48 ಕೊಟ್ಟರೂ ಐಕಾನ್ ಸಣ್ಣದೇ ಇದ್ದರೆ ಚಿತ್ರವೇ ಸಣ್ಣದು ಅಂತ ಲೆಕ್ಕ. ಅದು ಗರಿಷ್ಠ ಅಳತೆ ಅಷ್ಟೇ, ಸಣ್ಣ ಪಿಎನ್‌ಜಿಯನ್ನು ಹಿಗ್ಗಿಸುವುದಿಲ್ಲ. ಎಸ್‌ವಿಜಿ ಆದರೆ ತೊಂದರೆ ಇಲ್ಲ.

ಹುಡುಕುವ ಪೆಟ್ಟಿಗೆ ಬಲತುದಿಗೆ ಹೋಗಲಿ ಅಂದರೆ ಅದರ ಮೊದಲು ಒಂದು ಖಾಲಿ ವಿಜೆಟ್ ಹಾಕಿ, ಅದರ ಸೈಜ್ ಪಾಲಿಸಿಯನ್ನು ಅಡ್ಡಕ್ಕೆ ಎಕ್ಸ್‌ಪ್ಯಾಂಡಿಂಗ್ ಮಾಡಿ, ಅದು ಹಿಗ್ಗಿ ಪೆಟ್ಟಿಗೆಯನ್ನು ತಳ್ಳುತ್ತದೆ. ಆ ಪೆಟ್ಟಿಗೆಯನ್ನು ಅಡಗಿಸಬೇಕಾದರೆ ಪೆಟ್ಟಿಗೆಯ ಮೇಲೆಯೇ ಹೈಡ್ ಕರೆದು ಪ್ರಯೋಜನ ಇಲ್ಲ. ಆ್ಯಡ್‌ವಿಜೆಟ್ ಕೂಡ ಒಂದು ಆ್ಯಕ್ಷನ್ ವಾಪಸ್ ಕೊಡುತ್ತದೆ, ಅದನ್ನು ಎಲ್ಲಾದರೂ ಹಿಡಿದಿಟ್ಟುಕೊಂಡು ಅದರ ಮೇಲೆ ಸೆಟ್‌ವಿಸಿಬಲ್ ಕರೆಯಿರಿ.