ಪದ ಪರಿಚಯ: ಸಿಗಾರಿನ ‘ಬಾಡಿ’

ಡೊಮಿನಿಕನ್ ಗಣರಾಜ್ಯದ ದುಬಾರಿ ಸಿಗಾರುಗಳ ವಿಮರ್ಶೆ ಓದುವವರಿಗೆ ‘ಮೀಡಿಯಂ ಬಾಡಿ’, ‘ಫುಲ್ ಬಾಡಿ’ ಎಂಬ ಮಾತುಗಳು ಮೊದಲ ಸಾಲುಗಳಲ್ಲೇ ಎದುರಾಗುತ್ತವೆ. ಇವು ಸಿಗಾರಿನ ದಪ್ಪವನ್ನೋ ಖಾರವನ್ನೋ ಹೇಳುತ್ತವೆಂದು ಹಲವರು ತಿಳಿಯುತ್ತಾರೆ, ಅದು ಸರಿಯಲ್ಲ. ಎಳೆದ ಹೊಗೆ ಬಾಯಿ ತುಂಬಿದಾಗ ನಾಲಿಗೆಗೂ ಅಂಗುಳಕ್ಕೂ ಎಷ್ಟು ಮಂದವಾಗಿ, ಎಷ್ಟು ತೂಕವಾಗಿ ತಾಗುತ್ತದೆ ಎಂಬುದೇ ‘ಬಾಡಿ’. ನಿಕೋಟಿನ್ ಮೈಗೇರಿ ತಲೆ ತಿರುಗಿಸುವ, ಹಣೆಯಲ್ಲಿ ಬೆವರು ತರಿಸುವ ಗುಣಕ್ಕೆ ‘ಸ್ಟ್ರೆಂತ್’ ಎಂಬ ಬೇರೆ ಹೆಸರಿದೆ. ಎಲೆಯಡಿಕೆ ಹಾಕುವವರು ‘ಅಡಿಕೆ ಸೊಕ್ಕಿತು’ ಎನ್ನುತ್ತಾರಲ್ಲ, ಅಂಥದೇ ಸೊಕ್ಕು ಇದು. ನೀರಿನಂತೆ ತೆಳ್ಳಗಿರುವ ಮೆಣಸಿನ ಸಾರು ಗಂಟಲು ಉರಿಸಬಲ್ಲದು, ಗಟ್ಟಿಯಾದ ಮಜ್ಜಿಗೆಹುಳಿಯಲ್ಲಿ ಖಾರವೇ ಇಲ್ಲದಿರಬಹುದು. ಸಿಗಾರಿನಲ್ಲೂ ಬಾಡಿ ಮತ್ತು ಸೊಕ್ಕು ಹೀಗೆಯೇ ಒಂದನ್ನೊಂದು ಅವಲಂಬಿಸದೆ ಇರಬಲ್ಲವು.

ಎರಡೂ ಗುಣಗಳ ಮೂಲ ಎಲೆಯಲ್ಲಿದೆ. ಸ್ಯಾಂಟಿಯಾಗೊ ನಗರದ ಸುತ್ತಲಿನ ಸಿಬಾವೊ ಕಣಿವೆಯಲ್ಲಿ ಮುಖ್ಯವಾಗಿ ಬೆಳೆಯುವ ತಳಿಗಳಲ್ಲಿ ‘ಒಲೋರ್ ಡೊಮಿನಿಕಾನೊ’ ಸುವಾಸನೆಗೆ ಹೆಸರಾದದ್ದು, ಕ್ಯೂಬಾದ ಬೀಜದಿಂದ ಬಂದ ‘ಪಿಲೋಟೊ ಕುಬಾನೊ’ ಅದಕ್ಕಿಂತ ಗಡಸು. ಅದಕ್ಕೂ ಮಿಗಿಲಾಗಿ ಎಲೆ ಗಿಡದ ಯಾವ ಎತ್ತರದಿಂದ ಬಂತು ಎಂಬುದನ್ನು ನೋಡಬೇಕು. ಬುಡದ ‘ವೊಲಾಡೊ’ ಚೆನ್ನಾಗಿ ಉರಿಯುತ್ತದೆ, ರುಚಿ ಕಡಿಮೆ. ನಡುವಿನ ‘ಸೆಕೊ’ ಪರಿಮಳ ಕೊಡುತ್ತದೆ. ತುದಿಯ ‘ಲಿಗೇರೊ’ ಹೆಚ್ಚು ಬಿಸಿಲು ಕುಡಿದು ದಪ್ಪಗೆ, ಜಿಡ್ಡುಜಿಡ್ಡಾಗಿ, ನಿಕೋಟಿನ್ ತುಂಬಿಕೊಂಡಿರುತ್ತದೆ. ಸ್ಪ್ಯಾನಿಷ್‌ನಲ್ಲಿ ‘ಲಿಗೇರೊ’ ಎಂದರೆ ಹಗುರ ಎಂದರ್ಥ. ಅತ್ಯಂತ ಸೊಕ್ಕಿನ ಎಲೆಗೇ ಈ ಹೆಸರು ಬಿದ್ದಿರುವುದು ತಮಾಷೆಯೇ ಸರಿ. ಅದು ನಿಧಾನವಾಗಿ ಉರಿಯುವುದರಿಂದ ಸುತ್ತುವವರು ಅದನ್ನು ತಿರುಳಿನ ನಟ್ಟನಡುವೆ ಕೂರಿಸುತ್ತಾರೆ. ಪಕ್ಕಕ್ಕೆ ಸರಿದರೆ ಸಿಗಾರಿನ ಒಂದು ಬದಿ ಉರಿದುಹೋಗಿ ಇನ್ನೊಂದು ಬದಿ ಹಾಗೇ ಉಳಿಯುತ್ತದೆ.

ಬಾಡಿಯನ್ನು ಅಳೆಯುವ ಉಪಕರಣವಿಲ್ಲ, ಬಾಯಿಯೇ ಅಳತೆಗೋಲು. ಅನುಭವಿಗಳು ತುದಿ ಕತ್ತರಿಸಿದ ಮೇಲೆ ಬೆಂಕಿ ಸೋಕಿಸುವ ಮೊದಲೇ ಒಮ್ಮೆ ಗಾಳಿ ಎಳೆದು, ಅದು ಸಲೀಸಾಗಿ ಬರುತ್ತದೆಯೇ ಎಂದು ನೋಡುತ್ತಾರೆ. ಬಿಗಿಯಾಗಿ ಸುತ್ತಿದ ಸಿಗಾರಿನಲ್ಲಿ ಹೊಗೆಯೇ ಸಾಕಷ್ಟು ಬಾರದೆ, ಒಳ್ಳೆಯ ಎಲೆಯೂ ತೆಳುವೆನಿಸಿಬಿಡುತ್ತದೆ. ಹಚ್ಚಿದ ಮೇಲೆ ನಿಮಿಷಕ್ಕೊಂದರಂತೆ ಸಾವಕಾಶವಾಗಿ ಎಳೆದು, ಹೊಗೆಯನ್ನು ಎದೆಗಿಳಿಸದೆ ಬಾಯಲ್ಲಿ ಕ್ಷಣಕಾಲ ಹಿಡಿದು, ಅದರಲ್ಲೊಂದಿಷ್ಟನ್ನು ಮೂಗಿನಿಂದ ಹೊರಬಿಡುತ್ತಾರೆ. ಹೀಗೆ ಮೂಗಿನಿಂದ ಬಿಡುವುದಕ್ಕೆ ‘ರೆಟ್ರೋಹೇಲ್’ ಎಂದು ಹೆಸರು. ದೇವದಾರು ಮರ, ಹುರಿದ ಬೀಜ, ಕಾಳುಮೆಣಸು ಎಂದು ವಿಮರ್ಶಕರು ಪಟ್ಟಿ ಮಾಡುವ ವಾಸನೆಗಳೆಲ್ಲ ಗೊತ್ತಾಗುವುದು ಈ ಮೂಗಿನ ದಾರಿಯಲ್ಲೇ. ಹೊಗೆ ಹೋದ ಮೇಲೆ ಬಾಯಲ್ಲಿ ಕೆನೆ ಸವರಿದಂಥ ಪದರ ಉಳಿದರೆ ಬಾಡಿ ಹೆಚ್ಚು, ಕೂಡಲೇ ಬಾಯಿ ತಿಳಿಯಾದರೆ ಕಡಿಮೆ. ಉರಿ ಹಿಂದೆ ಸರಿದಂತೆ ಶಾಖವೂ ಅಂಟೂ ಸೇರಿ ಹೊಗೆ ಮಂದವಾಗುವುದರಿಂದ ಸಿಗಾರನ್ನು ಮೂರು ಭಾಗವಾಗಿ ಎಣಿಸಿ, ಪ್ರತಿಯೊಂದಕ್ಕೂ ಬೇರೆ ಟಿಪ್ಪಣಿ ಬರೆಯುವುದು ವಾಡಿಕೆ.

ಹೊಗೆ ನುಂಗದಿದ್ದರೂ ಸೊಕ್ಕು ಹೇಗೆ ಏರುತ್ತದೆ ಎಂಬುದಕ್ಕೆ ನಮ್ಮ ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪನ್ನು ಪಕ್ಕಕ್ಕಿಟ್ಟು ನೋಡಬಹುದು. ಅಲ್ಲಿ ಬ್ಯಾರನ್ನಿನ, ಅಂದರೆ ಸೊಪ್ಪು ಒಣಗಿಸುವ ಕೋಣೆಯ, ಬಿಸಿಯಲ್ಲಿ ಬೇಗ ಒಣಗಿಸಿದ ಸೊಪ್ಪಿನಲ್ಲಿ ಸಕ್ಕರೆಯಂಶ ಉಳಿಯುತ್ತದೆ. ಸಿಗರೇಟಿಗೆ ಹೋಗುವ ಆ ಸೊಪ್ಪಿನ ಹೊಗೆ ಆಮ್ಲೀಯ. ಸಿಗಾರಿನ ಎಲೆಯನ್ನು ಗಾಳಿಯಾಡುವ ಕೊಟ್ಟಿಗೆಯಲ್ಲಿ ವಾರಗಟ್ಟಲೆ ತೂಗುಹಾಕಿ, ಬಳಿಕ ರಾಶಿ ಒಟ್ಟಿ ತನ್ನ ಕಾವಿನಲ್ಲೇ ಹುದುಗಿಸುತ್ತಾರೆ. ಇದರಿಂದ ಸಕ್ಕರೆ ಕಳೆದು ಹೊಗೆ ಕ್ಷಾರೀಯವಾಗುತ್ತದೆ, ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಸೇರುತ್ತದೆ. ನುಂಗುವುದಿಲ್ಲವಾದ್ದರಿಂದ ಅಪಾಯವಿಲ್ಲ ಎನ್ನುವ ಮಾತನ್ನು ನಂಬಬಾರದು. ಬಾಯಿ, ಗಂಟಲಿನ ಕ್ಯಾನ್ಸರಿಗೆ ಸಿಗಾರೂ ಕಾರಣವೆಂಬುದು ಸಾಬೀತಾದ ವಿಷಯ.

ಡೊಮಿನಿಕನ್ ಸಿಗಾರೆಂದರೆ ಸಪ್ಪೆ ಎಂಬ ಅಭಿಪ್ರಾಯ ಬಹುಕಾಲ ಇತ್ತು. ಅಲ್ಲಿನ ಮಣ್ಣಿನಲ್ಲಿ ಸಿಗಾರಿನ ಹೊರಮೈಗೆ ಸುತ್ತುವ ಉತ್ತಮ ಹೊದಿಕೆಯೆಲೆ ಬೆಳೆಯದೆಂದು ನಂಬಿ, ಅಮೆರಿಕದ ಕನೆಕ್ಟಿಕಟ್‌ನ ಸೌಮ್ಯ ಎಲೆಯನ್ನು ತರಿಸಿ ಸುತ್ತುತ್ತಿದ್ದುದು ಇದಕ್ಕೆ ಒಂದು ಕಾರಣ. ಸಿಗಾರು ತಯಾರಿಸುವ ಫುಯೆಂಟೆ ಕುಟುಂಬ ಅಲ್ಲಿನ ಬೊನಾವೊ ಊರಿನ ಸಮೀಪದ ತನ್ನ ತೋಟದಲ್ಲೇ ಬೆಳೆದ ಹೊದಿಕೆಯೆಲೆಯಿಂದ 1995ರಲ್ಲಿ ‘ಓಪಸ್ ಎಕ್ಸ್’ ಸಿಗಾರನ್ನು ಮಾರುಕಟ್ಟೆಗೆ ತಂದ ಮೇಲೆ ಆ ನಂಬಿಕೆ ಸಡಿಲಿತು. ಆದರೂ ‘ಫುಲ್ ಬಾಡಿ’ ಎಂಬುದನ್ನು ಪ್ರಶಂಸೆಯೆಂದೂ ‘ಲೈಟ್ ಬಾಡಿ’ ಎಂಬುದನ್ನು ಕೊರತೆಯೆಂದೂ ಓದುವ ಚಾಳಿ ಹೋಗಿಲ್ಲ. 1992ರಲ್ಲಿ ಆರಂಭವಾದ ಅಮೆರಿಕದ ‘ಸಿಗಾರ್ ಅಫಿಸಿಯೊನಾಡೊ’ ಪತ್ರಿಕೆ ಸಿಗಾರಿಗೆ ಸುತ್ತಿದ ಬ್ರ್ಯಾಂಡಿನ ಕಾಗದದ ಪಟ್ಟಿ ಮರೆಮಾಡಿ ಸವಿದು 100ಕ್ಕೆ ಅಂಕ ಕೊಡುವಾಗ ನೋಡುವುದು ನೋಟ ಮತ್ತು ಕಟ್ಟಣೆ, ರುಚಿ, ಉರಿಯುವ ರೀತಿ, ಒಟ್ಟಾರೆ ಅನಿಸಿಕೆ ಎಂಬ ನಾಲ್ಕನ್ನು. ಬಾಡಿಗೆಂದು ಅದರಲ್ಲಿ ಪ್ರತ್ಯೇಕ ಅಂಕವಿಲ್ಲ.