ಹವಳದ ತೊಟ್ಟಿಗೆ ಸುಣ್ಣದ ತಿಳಿ ಬಂದ ದಾರಿ

ಸುಣ್ಣದ ತಿಳಿಗೆ ಕೊಳವೆಯಿಂದ ಉಸಿರು ಊದಿದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಶಾಲೆಯಲ್ಲಿ ಮಾಡಿದ್ದೇ ಅಲ್ವಾ? ಆದರೆ ಹೆಚ್ಚಿನವರು ಅಲ್ಲಿಗೇ ನಿಲ್ಲಿಸಿರುತ್ತೇವೆ. ಊದುತ್ತಲೇ ಇದ್ದರೆ ಆ ಹಾಲು ಮತ್ತೆ ತಿಳಿಯಾಗುತ್ತದೆ. ಬಿಳಿ ಪುಡಿ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಇನ್ನಷ್ಟು ಇಂಗಾಲದ ಡೈಆಕ್ಸೈಡ್ ಹೀರಿ ಬೈಕಾರ್ಬೊನೇಟ್ ಆಗಿ ನೀರಿನಲ್ಲಿ ಕರಗುತ್ತದೆ. ಗಾಜಿನ ತೊಟ್ಟಿಯಲ್ಲಿ ಹವಳ ಸಾಕುವವರಿಗೆ ಬೇಕಾದದ್ದು ಈ ಎರಡನೇ ಭಾಗ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 420 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಜೊತೆಗೆ ಆಲ್ಕಲಿನಿಟಿ, ಅಂದರೆ ಬಹುಪಾಲು ಬೈಕಾರ್ಬೊನೇಟ್. ಹವ್ಯಾಸಿಗಳು ಬಳಸುವ ಡಿಕೆಎಚ್ ಅಳತೆಯಲ್ಲಿ ಅದು ಸುಮಾರು 7. ಕಲ್ಲುಹವಳ ತನ್ನ ಕ್ಯಾಲ್ಸಿಯಂ ಕಾರ್ಬೊನೇಟಿನ ಗೂಡು ಕಟ್ಟಲು ಎರಡನ್ನೂ ಹೀರುತ್ತದೆ. ಕಡಲಿಗೆ ಇದು ಗೊತ್ತೇ ಆಗುವುದಿಲ್ಲ. ಹವಳ ತುಂಬಿದ ನೂರು ಲೀಟರಿನ ತೊಟ್ಟಿಯಲ್ಲಿ ಮಾತ್ರ ಕೆಲವೇ ದಿನಗಳಲ್ಲಿ ಆಲ್ಕಲಿನಿಟಿ ಇಳಿದುಬಿಡುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಕ್ಯಾಲ್ಸಿಯಂ ಮಾತ್ರ ಏರುತ್ತದೆ. ಅಡುಗೆ ಸೋಡಾ ಹಾಕಿದರೆ ಆಲ್ಕಲಿನಿಟಿ ಮಾತ್ರ. ಎರಡನ್ನೂ ಅಳೆದು ಸರಿಯಾಗಿ ಹಾಕಿದರೂ ಉಪ್ಪು ಉಳಿದುಕೊಳ್ಳುತ್ತದೆ.

1970ರ ದಶಕದಲ್ಲಿ, ತೊಟ್ಟಿಯಲ್ಲಿ ಕಡಲ ಜೀವಿಗಳನ್ನು ಸಾಕುತ್ತಿದ್ದ ಪೀಟರ್ ವಿಲ್ಕೆನ್ಸ್ ಸುಣ್ಣದ ತಿಳಿಯ ದಾರಿ ತೋರಿಸಿದರು. ಜರ್ಮನ್ ಭಾಷೆಯಲ್ಲಿ ಅದು ಕಾಲ್ಕ್‌ವಾಸರ್, ಸುಣ್ಣದ ನೀರು ಅಂತಲೇ ಅರ್ಥ. ತೊಟ್ಟಿಯಿಂದ ದಿನವೂ ಆವಿಯಾಗಿ ಹೋಗುವಷ್ಟು ನೀರನ್ನು ಸುಣ್ಣದ ತಿಳಿಯಾಗಿ ತುಂಬಿಸುವುದು, ಅಷ್ಟೇ. ಇದರ ಸೊಗಸು ಲೆಕ್ಕದಲ್ಲಿದೆ. ಹವಳ ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿಯನ್ನು ಯಾವ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತದೋ ಸುಣ್ಣ ಅದೇ ಪ್ರಮಾಣದಲ್ಲಿ ಕೊಡುತ್ತದೆ. ಬೇರೇನೂ ಉಳಿಯುವುದಿಲ್ಲ. ಇಷ್ಟು ಅಗ್ಗದ ಪುಡಿ ಇಷ್ಟು ಸರಿಯಾಗಿ ಹೊಂದುವುದು ನನಗೆ ಇಂದಿಗೂ ಬೆರಗು.

ಬರ್ಲಿನ್‌ನ ಹವ್ಯಾಸಿಗಳು ಇದನ್ನು ಕೈಬಿಡದೆ ಬೆಳೆಸಿದರು. ಜೀವಂತ ಬಂಡೆ (ಸೂಕ್ಷ್ಮಜೀವಿಗಳು ನೆಲೆಸಿದ ಕಡಲ ಕಲ್ಲು), ಜೋರಾದ ಪ್ರೋಟೀನ್ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ), ಪ್ರಖರ ದೀಪ, ಸುಣ್ಣದ ತಿಳಿ: ಇದಕ್ಕೆ ಬರ್ಲಿನ್ ಪದ್ಧತಿ ಅಂತಲೇ ಹೆಸರು ಬಂತು. ಅಲ್ಲಿನ ಡೀಟ್ರಿಶ್ ಸ್ಟ್ಯೂಬರ್ ಅವರ ತೊಟ್ಟಿಯಲ್ಲಿ ಬೆಳೆದ ಅಕ್ರೊಪೊರಾ ಹವಳದ ತುಂಡುಗಳು ಕೈಯಿಂದ ಕೈಗೆ ಸಾಗಿ, ಅವರ ಹೆಸರಲ್ಲೇ ಅಮೆರಿಕದವರೆಗೂ ಹೋದವು. 1994ರಲ್ಲಿ ಚಾರ್ಲ್ಸ್ ಡೆಲ್ಬೀಕ್ ಮತ್ತು ಜೂಲಿಯನ್ ಸ್ಪ್ರಂಗ್ ಬರೆದ ಪುಸ್ತಕ ಬಂದ ಮೇಲೆ ಇಂಗ್ಲಿಷ್ ಓದುವವರಲ್ಲೂ ಈ ಪದ್ಧತಿ ಹರಡಿತು.

ಮಿತಿಯೂ ಬೇಗ ಕಂಡಿತು. ಒಂದು ಲೀಟರ್ ನೀರಿನಲ್ಲಿ ಕರಗುವ ಸುಣ್ಣ ಒಂದೂವರೆ ಗ್ರಾಂ ಆಸುಪಾಸು. ನೂರು ಲೀಟರಿನ ತೊಟ್ಟಿಗೆ ಅಂಥ ತಿಳಿ ಒಂದು ಲೀಟರ್ ಹೋದರೆ ಕ್ಯಾಲ್ಸಿಯಂ ಲೀಟರಿಗೆ 8 ಮಿಲಿಗ್ರಾಂ, ಆಲ್ಕಲಿನಿಟಿ ಸುಮಾರು 1 ಡಿಕೆಎಚ್ ಏರುತ್ತದೆ. ಹವಳ ದೊಡ್ಡದಾದಂತೆ ಅದರ ಹಸಿವು ಜಾಸ್ತಿಯಾಗುತ್ತದೆ. ನೀರು ಮಾತ್ರ ಅಷ್ಟೇ ಆವಿಯಾಗುತ್ತದೆ. ಹಾಗಂತ ಸುಮ್ನೆ ಜಾಸ್ತಿ ಸುರಿಯುವ ಹಾಗಿಲ್ಲ. ತಿಳಿಯ ಪಿಎಚ್ 12ಕ್ಕೂ ಮೇಲೆ. ಒಮ್ಮೆಲೇ ಹೋದರೆ ಇಡೀ ತೊಟ್ಟಿ ಬೆಳ್ಳಗಾಗುತ್ತದೆ, ಜೀವಿಗಳು ಸಾಯಲೂಬಹುದು. ಅದಕ್ಕೇ ತೊಟ್ಟಿಕ್ಕಿಸುವ ಪದ್ಧತಿ.

ಗಾಳಿ ತಗುಲಿದರೆ ತಿಳಿ ಕೆಡುತ್ತದೆ ಎಂಬ ಭಯವೂ ಬಹಳ ಕಾಲ ಇತ್ತು. 2000ರ ದಶಕದ ಆರಂಭದಲ್ಲಿ ರಸಾಯನಶಾಸ್ತ್ರಜ್ಞ ರ‍್ಯಾಂಡಿ ಹೋಮ್ಸ್-ಫಾರ್ಲಿ ಅಳೆದು ನೋಡಿದರು. ಮುಚ್ಚಿಟ್ಟು, ಕಲಕದೆ ಬಿಟ್ಟರೆ ಅದರ ಶಕ್ತಿ ಉಳಿಯುತ್ತದೆ ಎಂದು ತೋರಿಸಿದರು. ತಳದಲ್ಲಿ ಕೂತ ಗಸಿಯಲ್ಲಿ ಬೇಡದ ಲೋಹಗಳು ಇಳಿದಿರುತ್ತವೆ, ಅದನ್ನು ತೊಟ್ಟಿಗೆ ಹಾಕಬಾರದು ಎಂದೂ ಹೇಳಿದರು. ಎಲೆ ಅಡಿಕೆಯ ಸುಣ್ಣ ಇದಕ್ಕೆ ಬೇಡ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯೇ ಬೇಕು. ಭಾರತದಲ್ಲಂತೂ ಕಲ್ಲುಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅವನ್ನು ಕಡಲಿಂದ ಕಿತ್ತು ತರುವುದು ಅಪರಾಧ, ತರಲೂಬಾರದು.

ಈ ನಡುವೆ ಕ್ಯಾಲ್ಸಿಯಂ ರಿಯಾಕ್ಟರ್, ಅಂದರೆ ಇಂಗಾಲದ ಡೈಆಕ್ಸೈಡ್ ಬೆರೆಸಿ ಕ್ಯಾಲ್ಸಿಯಂ ಕಾರ್ಬೊನೇಟ್ ಚೂರುಗಳನ್ನು ಕರಗಿಸುವ ಸಾಧನ ಬಂತು, ಎರಡು ಬಾಟಲಿಯ ದ್ರಾವಣಗಳೂ ಅವನ್ನು ಹನಿಸುವ ಪಂಪುಗಳೂ ಬಂದವು. ದೊಡ್ಡ ಹವಳಗಳ ಹಸಿವು ತಣಿಸಲು ಅವೇ ಸರಿ. ಆದರೆ ರಿಯಾಕ್ಟರ್ ನೀರಿಗೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅದರಿಂದ ಪಿಎಚ್ ಇಳಿಯುತ್ತದೆ. ಕಿಟಕಿ ಮುಚ್ಚಿದ ಮನೆಯ ಗಾಳಿಯಲ್ಲೂ ಈ ಡೈಆಕ್ಸೈಡ್ ಜಾಸ್ತಿ. ರಾತ್ರಿ ದೀಪ ಆರಿದ ಮೇಲೆ ತೊಟ್ಟಿಯ ಪಿಎಚ್ ಇನ್ನೂ ಇಳಿಯುತ್ತದೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ರಿಯಾಕ್ಟರ್ ಪಕ್ಕದಲ್ಲೇ ಸುಣ್ಣದ ತಿಳಿಯ ಡಬ್ಬವೂ ಇರುತ್ತದೆ. ಬೆಳಗಾಗುವವರೆಗೆ ಅದು ಒಂದೊಂದೇ ಹನಿ ಬಿಡುತ್ತ, ಆ ಹೆಚ್ಚುವರಿ ಡೈಆಕ್ಸೈಡನ್ನು ಹೀರಿಕೊಂಡು, ಅದನ್ನೇ ಹವಳಕ್ಕೆ ಬೈಕಾರ್ಬೊನೇಟ್ ಮಾಡಿ ಕೊಡುತ್ತದೆ.