ಹಳೇ ಕಾಗದದ ಸ್ಕ್ಯಾನ್: ಒತ್ತಕ್ಷರ ಉಳಿಯುವ ಹಾಗೆ

ಮಂಗಳೂರಲ್ಲಿ ಹಳೇ ಕಾಗದ ಇಟ್ಟುಕೊಂಡವರಿಗೆ ಮಳೆಗಾಲದ ಬಗ್ಗೆ ಹೇಳಬೇಕಾಗಿಲ್ಲ. ಜೂನ್ ಬಂತು ಅಂದರೆ ಕಪಾಟಿನೊಳಗೆ ಬೂಷ್ಟು, ಗೇಣಿ ಚೀಟಿನ ಮಡಿಕೆಯಲ್ಲಿ ಕಲೆ, ಯಕ್ಷಗಾನ ಪ್ರಸಂಗದ ಪುಸ್ತಕದ ಹಾಳೆ ಒಂದಕ್ಕೊಂದು ಅಂಟು. ಹಾಗಾಗಿ ಸ್ಕ್ಯಾನ್ ಕೆಲಸವನ್ನು ಬಿಸಿಲು ಇರುವ ತಿಂಗಳಲ್ಲೇ ಮುಗಿಸಿ. ಒದ್ದೆ ಕಾಗದವನ್ನು ಗಾಜಿನ ಮೇಲೆ ಇಡಲೇಬೇಡಿ.

ಇದಕ್ಕೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳಬೇಕಾಗಿಲ್ಲ. ಲಿನಕ್ಸ್‌ನಲ್ಲಿ ಸ್ಕ್ಯಾನರ್ ಜೊತೆ ಮಾತಾಡುವುದು ಸೇನ್ ಎನ್ನುವ ತಂತ್ರಾಂಶ. ಅದರ ಮೇಲೆ ಸಿಂಪಲ್ ಸ್ಕ್ಯಾನ್, ಎಕ್ಸ್‌ಸೇನ್, ಜಿಸ್ಕ್ಯಾನ್2ಪಿಡಿಎಫ್, ಯಾವುದು ಬೇಕಾದರೂ ಆಗುತ್ತದೆ. ವಿಂಡೋಸ್ ಇದ್ದರೆ ನ್ಯಾಪ್ಸ್2 ಸಾಕು. ಸ್ಕ್ಯಾನರ್ ಕೊಳ್ಳುವ ಮೊದಲು ಸೇನ್‌ನವರ ಪಟ್ಟಿಯಲ್ಲಿ ಆ ಮಾದರಿ ಇದೆಯಾ ನೋಡಿಕೊಳ್ಳಿ. ಮೇಲಿಂದ ಕಾಗದ ತಾನೇ ಎಳೆದುಕೊಳ್ಳುವ ಯಂತ್ರಕ್ಕೆ ಹಳೇ ಹಾಳೆ ಕೊಡಬಾರದು, ಹರಿದುಹೋದರೆ ಮತ್ತೆ ಸಿಗಲ್ಲ. ಗಾಜಿನ ಮೇಲೆ ಒಂದೊಂದಾಗಿ ಇಡುವುದೇ ಸರಿ.

ಈಗ ಮುಖ್ಯ ವಿಷಯ. ಯಾವ ಸಾಫ್ಟ್‌ವೇರ್ ಎನ್ನುವುದಕ್ಕಿಂತ, ಕಾಗದ ಗಾಜಿನ ಮೇಲಿದ್ದಾಗ ಎಷ್ಟು ವಿವರ ಹಿಡಿದುಕೊಂಡಿರಿ ಎನ್ನುವುದೇ ದೊಡ್ಡದು. ಇಂಗ್ಲಿಷ್ ಪುಟಕ್ಕೆ 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಎನ್ನುವ ಲೆಕ್ಕ) ಸಾಕು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಆದರೆ ಕನ್ನಡದಲ್ಲಿ ಸಾಲಿನ ಕೆಳಗೆ ಚಿಕ್ಕ ಒತ್ತಕ್ಷರ ಇರುತ್ತದೆ, ಅಲ್ವಾ? ಅಚ್ಚುಮೊಳೆ ಕಾಲದ ಪುಸ್ತಕದಲ್ಲಿ ಅದು ಇನ್ನೂ ಚಿಕ್ಕದು, ಶಾಯಿಯೂ ಹರಡಿರುತ್ತದೆ. ಡಿಪಿಐ ಕಡಿಮೆಯಾದರೆ ತ ಒತ್ತು, ನ ಒತ್ತು ಎಲ್ಲ ಒಂದೇ ಚುಕ್ಕೆ ಆಗಿಬಿಡುತ್ತದೆ, ಆಮೇಲೆ ಯಾವ ಸಾಫ್ಟ್‌ವೇರಿಗೂ ಅದನ್ನು ಬಿಡಿಸಲು ಆಗುವುದಿಲ್ಲ. ಚಿಕ್ಕ ಅಕ್ಷರಕ್ಕೆ ನಾನು 400 ಇಡುತ್ತೇನೆ.

ಇನ್ನೊಂದು, ಸ್ಕ್ಯಾನ್ ಮಾಡುವಾಗಲೇ ಪೂರ್ತಿ ಕಪ್ಪು-ಬಿಳುಪು ಮಾಡಬೇಡಿ ಮಾರಾಯ್ರೆ. ಫೈಲ್ ಚಿಕ್ಕದಾಗುತ್ತದೆ, ನಿಜ. ಎ4 ಪುಟ 300 ಡಿಪಿಐಯಲ್ಲಿ 2480 ಅಡ್ಡ, 3508 ಉದ್ದ, ಅಂದರೆ ಸುಮಾರು 87 ಲಕ್ಷ ಚುಕ್ಕೆ. ಬೂದು ಬಣ್ಣದಲ್ಲಿ ಕುಗ್ಗಿಸದೆ ಇಟ್ಟರೆ 8.7 ಎಂಬಿ, ಬಣ್ಣದಲ್ಲಿ ಅದರ ಮೂರು ಪಟ್ಟು, ಕಪ್ಪು-ಬಿಳುಪಿನಲ್ಲಿ ಬರೀ 1.1 ಎಂಬಿ. ಆದರೆ ಆ ಉಳಿತಾಯದಲ್ಲಿ ಮಾಸಿದ ಅಕ್ಷರ ಕಾಣೆಯಾಗುತ್ತದೆ, ಬೂಷ್ಟಿನ ಕಲೆ ಅಕ್ಷರದಷ್ಟೇ ಕಪ್ಪಾಗಿ ನಿಲ್ಲುತ್ತದೆ. ಬೂದು ಬಣ್ಣದಲ್ಲಿ ಹಿಡಿದು, ವಿವರ ಕಳೆದುಹೋಗದ ಟಿಫ್ ಅಥವಾ ಪಿಎನ್‌ಜಿ ಚಿತ್ರವಾಗಿ ಇಟ್ಟುಕೊಳ್ಳಿ. ಸೀಲು, ಸಹಿ ಇರುವ ಪತ್ರಕ್ಕೆ ಬಣ್ಣವೇ ಬೇಕು. ಈ ಮೂಲ ಚಿತ್ರವನ್ನು ಮುಟ್ಟದೆ, ಮುಂದಿನದೆಲ್ಲ ನಕಲಿನ ಮೇಲೆ ಮಾಡಿ.

ಛಾಪಾ ಕಾಗದ ಎ4ಗಿಂತ ಉದ್ದ ಇರುತ್ತದೆ, ಸಾಮಾನ್ಯ ಸ್ಕ್ಯಾನರಿನಲ್ಲಿ ಕೆಳಗಿನ ಸಾಲು ಕತ್ತರಿಸಿಹೋಗುತ್ತದೆ, ಸಹಿ ಇರುವುದೂ ಅಲ್ಲೇ. ಎರಡು ಸಲ, ಮಧ್ಯದ ಭಾಗ ಎರಡರಲ್ಲೂ ಬರುವ ಹಾಗೆ ಸ್ಕ್ಯಾನ್ ಮಾಡಿ, ಚಿತ್ರ ಜೋಡಿಸುವ ಹ್ಯೂಗಿನ್ ತಂತ್ರಾಂಶದಲ್ಲಿ ಜೋಡಿಸಬಹುದು. ಪುಸ್ತಕ ಆದರೆ ಸ್ಕ್ಯಾನ್ ಟೇಲರ್ ಎನ್ನುವ ತಂತ್ರಾಂಶ: ಎರಡು ಪುಟ ಬೇರೆ ಮಾಡುತ್ತದೆ, ಸೊಟ್ಟಗಿದ್ದರೆ ನೇರ ಮಾಡುತ್ತದೆ, ಅಂಚು ಸರಿಮಾಡುತ್ತದೆ.

ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ ಟೆಸರಾಕ್ಟ್. ಎಚ್‌ಪಿ ಕಂಪನಿಯಲ್ಲಿ ಹುಟ್ಟಿದ್ದು, 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. 2018ರ 4ನೇ ಆವೃತ್ತಿಯಿಂದ ನರಜಾಲದ (ಮಾದರಿಗಳನ್ನು ನೋಡಿ ಕಲಿಯುವ ಕಂಪ್ಯೂಟರ್ ವಿಧಾನ) ಮೂಲಕ ಇಡೀ ಸಾಲನ್ನು ಒಟ್ಟಿಗೆ ಓದುತ್ತದೆ. ಕನ್ನಡದ ಭಾಷಾ ಕಡತವನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ವೇಗದ್ದು, ಒಳ್ಳೆಯದು ಅಂತ ಎರಡು ಬಗೆ ಇದೆ. ನಿಧಾನ ಆದರೂ ಒಳ್ಳೆಯದನ್ನೇ ತೆಗೆದುಕೊಳ್ಳಿ. 1956ರವರೆಗೆ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತಲ್ಲ, ಆ ಕಾಲದ ಪತ್ರದಲ್ಲಿ ಇಂಗ್ಲಿಷ್, ಕನ್ನಡ ಎರಡೂ ಕಂಡರೆ ಎರಡೂ ಭಾಷೆಯನ್ನು ಒಟ್ಟಿಗೆ ಆರಿಸಿ. ತುಳುವಿಗೆ ಬೇರೆ ಕಡತ ಇಲ್ಲ. ಕನ್ನಡ ಅಕ್ಷರದಲ್ಲಿ ಅಚ್ಚಾದ ತುಳು, ಕೊಂಕಣಿಗೆ ಕನ್ನಡ ಭಾಷೆಯ ಕಡತದ ಬದಲು ಕನ್ನಡ ಲಿಪಿಯ ಕಡತ ಹಾಕಿ ನೋಡಿ. ಕೈಬರಹಕ್ಕೆ ಮಾತ್ರ ಟೆಸರಾಕ್ಟನ್ನು ನಂಬಬೇಡಿ, ಅದು ಅಚ್ಚಿನ ಅಕ್ಷರಕ್ಕೆ ಮಾಡಿದ್ದು.

ಹುಡುಕಲು ಆಗುವ ಪಿಡಿಎಫ್ ಬೇಕಾದರೆ, ಟೆಸರಾಕ್ಟನ್ನೇ ಬಳಸುವ ಒಸಿಆರ್‌ಮೈಪಿಡಿಎಫ್ ಎನ್ನುವ ತಂತ್ರಾಂಶ. ಚಿತ್ರ ಮೇಲೆ ಹಾಗೇ ಇರುತ್ತದೆ, ಓದಿದ ಪದಗಳು ಕಾಣದ ಹಾಗೆ ಅದರ ಜೊತೆ ಕೂರುತ್ತವೆ, ಹುಡುಕಿದರೆ ಸಿಗುತ್ತವೆ. ಬಹುಕಾಲ ಇಡಲು ಮಾಡಿದ ಪಿಡಿಎಫ್/ಎ ರೂಪವನ್ನೇ ಅದು ನಾವು ಹೇಳದಿದ್ದರೂ ಕೊಡುತ್ತದೆ. ನಾಳೆ ಟೆಸರಾಕ್ಟ್ ಇನ್ನೂ ಚೆನ್ನಾದರೆ ಅದೇ ಚಿತ್ರವನ್ನು ಮತ್ತೆ ಓದಿಸಬಹುದು. ಅದಕ್ಕೇ ಚಿತ್ರದ ಬಗ್ಗೆ ಅಷ್ಟು ಒತ್ತಿ ಹೇಳಿದ್ದು.

ಫೈಲ್ ಕುಗ್ಗಿಸುವಾಗ ಜಾಸ್ತಿ ಆಸೆ ಬೇಡ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಒಂದು ವಿಷಯ ತೋರಿಸಿದರು: ಜೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡುವಾಗ 6 ಇದ್ದಲ್ಲಿ 8 ಹಾಕುತ್ತಿದ್ದವು. ಜೆಬಿಗ್2 ಎನ್ನುವ ಕುಗ್ಗಿಸುವ ವಿಧಾನ ಒಂದೇ ಥರ ಕಾಣುವ ಗುರುತುಗಳನ್ನು ಒಂದೇ ಅಂತ ಎಣಿಸಿ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದ್ದು ಕಾರಣ. ಪುಟ ನೋಡಲು ಚೊಕ್ಕವಾಗಿಯೇ ಇರುತ್ತದೆ. ನಮ್ಮ ಜಾಗದ ಪತ್ರದಲ್ಲಿ ಸರ್ವೆ ನಂಬರ್ ಹೀಗೆ ಬದಲಾದರೆ ಏನಾಗಬಹುದು ಯೋಚಿಸಿ. ಓದಿಸಿದ ಪಠ್ಯದಲ್ಲೂ ಕನ್ನಡದ ಸೊನ್ನೆ ೦ ಮತ್ತು ಅನುಸ್ವಾರ ಅದಲುಬದಲಾಗುತ್ತವೆ. ಪದ ತಪ್ಪಿದರೆ ಓದುವಾಗ ಗೊತ್ತಾಗುತ್ತದೆ, ಅಂಕಿ ತಪ್ಪಿದರೆ ಗೊತ್ತೇ ಆಗುವುದಿಲ್ಲ. ಸರ್ವೆ ನಂಬರ್, ತಾರೀಕು, ಎಕರೆ-ಸೆಂಟ್ಸ್ ಇವನ್ನು ಮೂಲ ಕಾಗದ ಪಕ್ಕದಲ್ಲಿ ಇಟ್ಟುಕೊಂಡು ಒಂದೊಂದಾಗಿ ತಾಳೆ ನೋಡಿ, ಆಮೇಲೆ ಕಾಗದವನ್ನು ಕಪಾಟಿಗೆ ಇಡಿ.